ಎಡೆಗೆ ಒಂದು ಹಬನೇರೊ

"ಇಲ್ಲಿನ ಮೆಣಸಿನಕಾಯಿ ಅಂದ್ರ ಬರೇ ಸೌತಿಕಾಯಿ ರೀ," ಎಂದು ಧಾರವಾಡದಿಂದ ಈ ಪರದೇಶಕ್ಕೆ ಬಂದಿದ್ದ ನನ್ನ ಹೆಂಡತಿ ಗೊಣಗುತ್ತಿದ್ದಳು. ಅವಳು ತೀರಿಕೊಂಡ ವರ್ಷ, ಮಹಾಲಯ ಅಮಾವಾಸ್ಯೆಯ ಎಡೆಗೆ ಅವಳು ಮೆಚ್ಚುವಂಥ ಖಾರದ ಚಟ್ನಿ ಇಡಬೇಕೆಂದು, ಶಾಲೆಯಲ್ಲಿ ಪಾಠ ಹೇಳುವ ಕೆಲಸ ಮುಗಿಸಿ ಎಲ್ಕ್ ಗ್ರೋವ್ ಊರಿನ ಹತ್ತಿರದ ಮೆಕ್ಸಿಕನ್ ಅಂಗಡಿಗೆ ಹೋದೆ. ಎಲ್ಲಕ್ಕಿಂತ ಖಾರದ್ದು ಯಾವುದೆಂದು ಕೇಳಿ, ಹಬನೇರೊ ಎಂಬ ಪುಟ್ಟ ಕಿತ್ತಳೆ ಬಣ್ಣದ ಮೆಣಸಿನಕಾಯಿಯನ್ನು ಅರ್ಧ ಪೌಂಡ್ ತುಂಬಿಕೊಂಡೆ.

ಗಲ್ಲಾಪೆಟ್ಟಿಗೆಯ ಬಳಿಯಿದ್ದ ಮುದುಕಿ ಚೀಲ ನೋಡಿ, "ಮನೆಯಲ್ಲಿ ಎಷ್ಟು ಜನ?" ಎಂದಳು.

"ನಾನೊಬ್ಬನೇ. ಇದು ತೀರಿಹೋದ ಹೆಂಡತಿಗೆ."

ಅವಳು ಅಚ್ಚರಿಪಡಲಿಲ್ಲ. "ನಾವೂ ಸತ್ತವರಿಗೆ ಅವರ ಇಷ್ಟದ್ದನ್ನೇ ಇಡುತ್ತೇವೆ. ಆಮೇಲೆ ತಿನ್ನುವವರು ಯಾರು?"

"ನಾನೇ."

"ಹಾಗಾದರೆ ಒಂದು ಸಾಕು, ಮಗನೇ," ಎಂದು ಉಳಿದವನ್ನು ವಾಪಸ್ ಬುಟ್ಟಿಗೆ ಸುರಿದಳು.

ಆ ಒಂದನ್ನೇ ಅರೆದು ಎಡೆ ಇಟ್ಟೆ. ನಂತರ ಬೆರಳ ತುದಿಯಷ್ಟು ಚಟ್ನಿ ನಾಲಿಗೆಗೆ ಹಚ್ಚಿಕೊಂಡೆ. ಮೊದಲು ಬಂದದ್ದು ಮಾವಿನಹಣ್ಣಿನಂಥ ಪರಿಮಳ. ಹತ್ತು ಎಣಿಸುವಷ್ಟರಲ್ಲಿ ಕಿವಿಯವರೆಗೆ ಬೆಂಕಿ. ಅಷ್ಟು ಚಿಕ್ಕ ಕಾಯಿಯೊಳಗೆ ಇಷ್ಟೊಂದು ಅಡಗಿತ್ತೇ ಎಂದುಕೊಳ್ಳುತ್ತ ಮೊಸರಿಗೆ ಕೈ ಚಾಚಿದೆ.

ಅವಳಿದ್ದಿದ್ದರೆ ಇನ್ನೊಂದು ರೊಟ್ಟಿ ಹಾಕಿಸಿಕೊಂಡು, "ಅಡ್ಡಿ ಇಲ್ರಿ, ಸ್ವಲ್ಪ ಖಾರ ಐತಿ," ಎನ್ನುತ್ತಿದ್ದಳು.