ಎರಡು ನಿಮಿಷದ ಕತ್ತಲೆ

ನನ್ನ ಕಾಲಿಗೆ ಚಕ್ರವಿದೆ ಎಂದು ಅವ್ವ ಬೈಯುತ್ತಿದ್ದಳು. ಸುಳ್ಳಲ್ಲ. ಊಟಕ್ಕೆ ಕೂತರೂ ಅರ್ಧಕ್ಕೆ ಎದ್ದು ಬಾಗಿಲಿಗೊಮ್ಮೆ ಹೋಗಿ ಬರುವವಳು ನಾನು. ಇಂಥವಳಿಗೆ ಸಿಕ್ಕ ಮೊದಲ ನೌಕರಿ ಎಂದರೆ, ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಊರವರೆಲ್ಲ ತಮ್ಮ ತಮ್ಮ ಮನೆಯಲ್ಲಿ ಕೂತು ಏನು ನೋಡಬೇಕೆಂದು ಪಟ್ಟಿ ಬರೆಯುವುದು.

ಇಸವಿ ಎರಡು ಸಾವಿರದ ಆಸುಪಾಸು. ಬೆಳಗಾವಿಯ ಹಿಂದವಾಡಿಯಲ್ಲಿ ಕೇಬಲ್ ನಡೆಸುತ್ತಿದ್ದ ಒಬ್ಬರು, ಡಿಶ್ಶಿನಿಂದ ಬರುವ ಚಾನೆಲ್ಲುಗಳ ಜೊತೆಗೆ ತಮ್ಮದೇ ಒಂದು ಚಾನೆಲ್ಲನ್ನೂ ಬಿಡುತ್ತಿದ್ದರು. ಅದಕ್ಕೆ ಬೇಕಾದದ್ದು ಎರಡು ವಿಸಿಆರ್, ಒಂದು ಟಿವಿ, ಒಂದು ಫೋನು ಮತ್ತು ಬೈಸಿಕೊಳ್ಳಲು ಒಂದು ಆಳು. ಆ ಕೊನೆಯದು ನಾನು. ತಂತಿ ಕಂಬದಿಂದ ಕಂಬಕ್ಕೆ ಹಾರುತ್ತ ದೇಸೂರಿನವರೆಗೆ ಹೋಗಿತ್ತು. ನಮ್ಮೂರು ಖಾನಾಪುರವನ್ನು ಮುಟ್ಟಿರಲಿಲ್ಲ. ಹಾಗಾಗಿ ನಾನು ಕಳಿಸಿದ್ದನ್ನು ಜನ ಹೇಗೆ ನೋಡುತ್ತಾರೆಂದು ನಾನು ಕಂಡವಳೇ ಅಲ್ಲ. ಮುಂಜಾನೆ ಖಾನಾಪುರದಲ್ಲಿ ಪ್ಯಾಸೆಂಜರ್ ಗಾಡಿ ಹತ್ತುವುದು, ಸಂಜೆ ಅದರಲ್ಲೇ ತಿರುಗಿ ಬರುವುದು.

ಪಟ್ಟಿ ಬರೆಯುವುದೇನು ಮಹಾ ಎಂದುಕೊಂಡಿದ್ದೆ. ಶುಕ್ರವಾರ ಕನ್ನಡ ಸಿನಿಮಾ ಹಾಕಿದರೆ ರವಿವಾರ ಮರಾಠಿ ಸಿನಿಮಾ ಹಾಕಲೇಬೇಕು. ಒಂದು ವಾರ ತಪ್ಪಿತೋ, ಯಾರಾದರೊಬ್ಬರು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು. ಮುಂಜಾನೆ ಭಜನೆ, ಮಧ್ಯಾಹ್ನ ಅಳಿಸುವ ಸಿನಿಮಾ, ಸಂಜೆ ಆರಕ್ಕೆ ಊರ ಸುದ್ದಿ. ಶನಿವಾರ ಸಂಜೆ ಐದರ ಹೊತ್ತು ಮಾತ್ರ ಯಾರಿಗೂ ಬೇಡವಾಗಿ ಬಿದ್ದಿತ್ತು.

ಸಿನಿಮಾ ಕ್ಯಾಸೆಟ್ ಕಳಿಸುವ ಹುಬ್ಬಳ್ಳಿಯವರು ಒಂದು ಸಲ ಕೊಸರಿನಂತೆ ಹದಿಮೂರು ಕ್ಯಾಸೆಟ್ಟುಗಳನ್ನು ಗಂಟಿಗೆ ಸೇರಿಸಿದ್ದರು. ಹಿಂದಿಗೆ ಡಬ್ ಆದ, ಯಾವುದೋ ಪರದೇಶದ ಧಾರಾವಾಹಿ. ದಾರಿ ತಪ್ಪಿದ ಒಂದು ಆಕಾಶದ ಹಡಗು. ಅದರೊಳಗೆ ಇಪ್ಪತ್ತು ಮೂವತ್ತು ಜನ. ತಮ್ಮ ಮನೆಯಿರುವ ಗ್ರಹವನ್ನು ಹುಡುಕುತ್ತ ಹೊರಟಿದ್ದಾರೆ, ಬೆನ್ನಿಗೆ ವೈರಿಗಳು. ಕ್ಯಾಸೆಟ್ಟಿಗೊಂದು ಕಂತು. ಜೊತೆಗೆ ಕಳಿಸಿದ್ದ ಹಾಳೆಯ ಮೇಲೆ ಹೆಸರಿಗೆ ವೈಜ್ಞಾನಿಕ ಎಂದು ಬರೆದಿದ್ದರು. ನಾನು ಎರಡೇ ದಿನದಲ್ಲಿ ಹದಿಮೂರನ್ನೂ ನೋಡಿ ಮುಗಿಸಿದೆ, ನಡುವೆ ಬೇಸರವಾದಲ್ಲಿ ಮುಂದಕ್ಕೆ ಓಡಿಸುತ್ತ. ಅದರಲ್ಲಿ ಯಾರೂ ಎಲ್ಲೂ ನಿಲ್ಲುವುದಿಲ್ಲ, ಒಂದು ಕಡೆ ಇಳಿದರೆ ಇನ್ನೊಂದು ಕಡೆಗೆ ಹೊರಡುತ್ತಾರೆ. ನನಗೆ ಅದರ ಮೇಲೆ ಮನಸ್ಸು ಬಿತ್ತು.

ಮಾಲೀಕರು ಮುಖ ಹಿಂಡಿದರು. "ಆಕಾಶದಾಗಿಂದು ಹಾಕಿದ್ರ ನೆಲದ ಮ್ಯಾಲಿನವರು ಯಾರು ನೋಡ್ತಾರ ಬಾಯಾರ?" ಎಂದರು. ನಾನು ಬಿಡಲಿಲ್ಲ. ಅದು ಕನ್ನಡವೂ ಅಲ್ಲ ಮರಾಠಿಯೂ ಅಲ್ಲ, ಹಿಂದಿ. ಅದಕ್ಕಾಗಿ ಯಾರೂ ಮೆಟ್ಟಿಲು ಹತ್ತಿ ಬರುವುದಿಲ್ಲ ಎಂದೆ. ಈ ಮಾತು ಅವರಿಗೆ ನಾಟಿತು. ಶನಿವಾರ ಐದಕ್ಕೆ ಹಾಕಲು ಒಪ್ಪಿದರು. ಆರನೆಯ ವಾರಕ್ಕೆ ಕತ್ತರಿ ಹಾಕಿ ನೋಡುವುದು, ಕತ್ತರಿಯಲ್ಲಿ ಪಾಸಾದರೆ ಮಾತ್ರ ಉಳಿದದ್ದು ಎಂದರು.

ಕತ್ತರಿ ನಮ್ಮ ಆಫೀಸಿನ ಪದ್ಧತಿ. ಯಾವ ಕಾರ್ಯಕ್ರಮವನ್ನು ಎಷ್ಟು ಜನ ನೋಡುತ್ತಿದ್ದಾರೆಂದು ತಿಳಿಯಲು ಮಾಲೀಕರು ಕಂಡುಕೊಂಡಿದ್ದ ಉಪಾಯ. ನಡುವೆ ವಿಸಿಆರನ್ನು ತಡೆದು, ಹಿಂದಿನ ತಂತಿಗಳನ್ನು ಎರಡು ನಿಮಿಷ ಕಿತ್ತಿಡುವುದು. ಮನೆಮನೆಯ ಟಿವಿ ಕಪ್ಪಾಗುತ್ತದೆ, ದನಿ ನಿಲ್ಲುತ್ತದೆ. ಆಗ ಬೈಯಲು ಎಷ್ಟು ಫೋನು ಬರುತ್ತವೆಂದು ಪುಸ್ತಕದಲ್ಲಿ ಬರೆಯುವುದು. ಮರಾಠಿ ಸಿನಿಮಾದಲ್ಲಿ ತಾಳಿ ಕಟ್ಟುವ ಹೊತ್ತಿಗೆ ಕಿತ್ತರೆ ಫೋನು ಕೆಳಗಿಡಲಿಕ್ಕೆ ಆಗುತ್ತಿರಲಿಲ್ಲ. ಕುಸ್ತಿಯ ಕ್ಯಾಸೆಟ್ಟಿಗೆ ಒಬ್ಬರು ಚಪ್ಪಲಿ ಹಿಡಿದುಕೊಂಡೇ ಬಂದಿದ್ದರು. ಎಲ್ಲಿ ಕೀಳಬೇಕೆಂದು ಆರಿಸುವುದರಲ್ಲೇ ಇದೆ ಎಲ್ಲ, ಎಂದು ಮಾಲೀಕರು ಹೇಳುತ್ತಿದ್ದರು.

ನನ್ನ ಹಡಗಿನ ಕತ್ತರಿಗೆ ಜಾಗ ಆರಿಸುವ ಕೆಲಸವನ್ನು ನನಗೇ ಬಿಟ್ಟರು. ಆರನೆಯ ಕಂತನ್ನು ಮತ್ತೆ ಹಾಕಿ ನೋಡಿದೆ. ಅದರಲ್ಲೊಂದು ಕಡೆ ವೈರಿಗಳ ಹಡಗು ತೀರ ಹತ್ತಿರ ಬರುತ್ತದೆ. ಇಲ್ಲಿಯ ಮುಖ್ಯಸ್ಥ ಎಲ್ಲ ದೀಪ ಆರಿಸಿ, ನಾನು ಹೇಳುವವರೆಗೆ ಯಾರೂ ಉಸಿರೆತ್ತಬೇಡಿ ಎನ್ನುತ್ತಾನೆ. ಒಂದು ಗಳಿಗೆ ಅಷ್ಟೇ, ಆಮೇಲೆ ವೈರಿಗಳು ಹೋದರು, ದೀಪ ಹಚ್ಚಿ ಎನ್ನುತ್ತಾನೆ. ಇದಕ್ಕಿಂತ ಬಿಗಿಯಾದ ಜಾಗ ಇಡೀ ಹದಿಮೂರರಲ್ಲಿ ಇರಲಿಲ್ಲ. ಇಲ್ಲಿ ಕಿತ್ತರೆ ಜನ ಹುಚ್ಚೆದ್ದು ಫೋನಿಗೆ ಬೀಳುತ್ತಾರೆ ಎಂದು ನನಗೆ ಖಾತ್ರಿ.

ಶನಿವಾರ ಬಂತು. ಆತ ಉಸಿರೆತ್ತಬೇಡಿ ಎಂದದ್ದೇ ತಡ, ವಿಸಿಆರ್ ತಡೆದು ತಂತಿ ಕಿತ್ತೆ. ಫೋನಿನ ಮೇಲೆ ಕೈಯಿಟ್ಟುಕೊಂಡು ನಿಂತೆ. ಕೂರಲಾಗಲಿಲ್ಲ. ಮಾಲೀಕರು ಗಡಿಯಾರ ನೋಡುತ್ತ ಕೂತಿದ್ದರು. ಒಂದು ನಿಮಿಷವಾಯಿತು. ಫೋನು ಕೆಟ್ಟಿದೆಯೇನೋ ಎಂದು ಎತ್ತಿ ಕಿವಿಗಿಟ್ಟು ನೋಡಿದೆ; ದನಿಯಿತ್ತು. ಎತ್ತಿದ ಆ ಹೊತ್ತಿಗೇ ಯಾರಾದರೂ ಮಾಡಿದ್ದರೆ ಎಂದು ಗಾಬರಿಯಾಗಿ ತಟ್ಟನೆ ಇಟ್ಟೆ. ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎಷ್ಟು ಸಲ ಹೋದೆನೋ. ಎರಡು ನಿಮಿಷ ಮುಗಿಯಿತು. ಒಂದೇ ಒಂದು ಫೋನು ಬರಲಿಲ್ಲ. ತಂತಿ ಸಿಕ್ಕಿಸಿದೆ, ಹಡಗಿನವನು ದೀಪ ಹಚ್ಚಿಸಿದ. ಪುಸ್ತಕದಲ್ಲಿ ಅದರ ಹೆಸರಿನ ಮುಂದೆ ಸೊನ್ನೆ ಬರೆದವಳು ನಾನೇ. ಸಿಟ್ಟಿಗೆ ಪೆನ್ನು ಹಾಳೆಯನ್ನು ಹರಿಯಿತು. ಬರೀ ಅಳುವ ಸಿನಿಮಾ ನೋಡಲಿಕ್ಕೇ ಲಾಯಕ್ಕು ಈ ಊರು ಎಂದು ಗಾಡಿಯಲ್ಲಿ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈದೆ. ಸೋಮವಾರ ಹದಿಮೂರು ಕ್ಯಾಸೆಟ್ಟುಗಳನ್ನೂ ಗಂಟು ಕಟ್ಟಿ ಹುಬ್ಬಳ್ಳಿಯ ಬಸ್ಸಿಗೆ ಹಾಕಿದೆವು. ಮುಂದಿನ ಶನಿವಾರ ಐದಕ್ಕೆ ಕುಸ್ತಿ ಬಂತು.

ಮುಂಜಾನೆಯ ಗಾಡಿಯಲ್ಲಿ ಹೆಂಗಸರ ಡಬ್ಬಿಗೆ ದೇಸೂರಿನಲ್ಲಿ ಒಬ್ಬರು ಹತ್ತುತ್ತಿದ್ದರು. ಬೆಳಗಾವಿಯ ಒಂದು ದವಾಖಾನೆಯಲ್ಲಿ ಆಯಾ. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ, ಕಾಯಿಪಲ್ಲೆ ಮಾರಲು ಹೋಗುವ ಬುಟ್ಟಿಯವರೊಡನೆ ಮರಾಠಿ. ನನಗಿಂತ ಹಿರಿಯರು, ಎಲ್ಲರಂತೆ ನಾನೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ನಾನು ಕೇಬಲ್ ಆಫೀಸಿನವಳೆಂದು ಅವರಿಗೆ ಗೊತ್ತಿತ್ತು. ಆದರೆ ಆ ವಿಷಯ ಎತ್ತಿದರೆ ಜನ ಬೈಯುವುದಕ್ಕೇ ಶುರುಮಾಡುತ್ತಾರೆಂದು ನಾನು ಗಾಡಿಯಲ್ಲಿ ಟಿವಿಯ ಸುದ್ದಿಯನ್ನೇ ತೆಗೆಯುತ್ತಿರಲಿಲ್ಲ. ನೀವು ಏನು ನೋಡುತ್ತೀರಿ ಎಂದು ಒಮ್ಮೆಯೂ ಕೇಳಿರಲಿಲ್ಲ.

ಕುಸ್ತಿ ಬಂದ ಎರಡು ದಿನಕ್ಕೆ ಆಪಾ ನನ್ನ ಬಾಜು ಕೂತು, ಶನಿವಾರ ಹಡಗು ಯಾಕೆ ಬರಲಿಲ್ಲ ಎಂದು ಕೇಳಿದರು. ನನಗೆ ಮೈ ಉರಿಯಿತು. ಯಾರೂ ನೋಡುವುದಿಲ್ಲವೆಂದು ನಿಲ್ಲಿಸಿದೆವು ಎಂದೆ.

"ಯಾರ ಹೇಳ್ಯಾರ? ನಾವು ಮನಿಮಂದಿಯೆಲ್ಲಾ ನೋಡ್ತೇವಿ," ಎಂದರು. ಆಮೇಲೆ ತಾವೇ ಕೈ ತಿರುಗಿಸುತ್ತ ಹೇಳತೊಡಗಿದರು. "ಹ್ವಾದ ಸಲದ್ದಂತೂ ಭಾಳ ಚಂದ ಮಾಡಿದ್ರು ನೋಡು. ಅಂವ ದೀಪ ಆರಿಸ್ರಿ, ಉಸುರು ಬಿಡಬ್ಯಾಡ್ರಿ ಅಂದಾ. ಟಿವಿ ಪೂರಾ ಕಪ್ಪಾತು. ನಮ್ಮತ್ತಿ ಎದ್ದು ಮನಿ ಲೈಟೂ ಆರಿಸಿ ಬಾಗಲಾ ಹಾಕಿದ್ರು. ಹುಡುಗರು ಸೈತ ಪಿಟ್ ಅನ್ನಲಿಲ್ಲ. ಎಷ್ಟ ಹೊತ್ತ ಹಂಗ ಕುಂತಿದ್ವಿ! ಬಾಜೂ ಮನ್ಯಾಗೂ ಹಂಗ ಕುಂತಿದ್ರಂತ."

ಗಾಡಿ ಓಡುತ್ತಿತ್ತು. ಟಿವಿ ಕೆಟ್ಟಿತೆಂದು ನಿಮಗೆ ಅನ್ನಿಸಲಿಲ್ಲವೇ, ಫೋನು ಮಾಡಬೇಕೆನ್ನಿಸಲಿಲ್ಲವೇ ಎಂದು ಕೇಳಿದೆ. ಹಿಂದೆ ಸಿನಿಮಾ ನಿಂತಾಗ ತಾವೇ ಫೋನಿನ ಬೂತಿಗೆ ಓಡಿಹೋಗಿ ಬೈದಿದ್ದಾಗಿ ಆಪಾ ಹೇಳಿದರು. ಇದಕ್ಕೆ ಯಾಕೆ ಮಾಡಬೇಕು, ಹಡಗಿನಲ್ಲಿ ಕತ್ತಲೆಯಾದರೆ ಟಿವಿಯಲ್ಲೂ ಕತ್ತಲೆಯಲ್ಲವೇ ಎಂದು ನನ್ನನ್ನೇ ದಡ್ಡಿಯಂತೆ ನೋಡಿದರು.

ಸ್ಟೇಶನ್ನಿನಿಂದ ಹಿಂದವಾಡಿಯವರೆಗೆ ಓಡುತ್ತಲೇ ಹೋದೆ. ಮಾಲೀಕರಿಗೆ ಎಲ್ಲ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕ್ಯಾಸೆಟ್ಟು ತಿರುಗಿ ತರಿಸೋಣ ಎಂದದ್ದಕ್ಕೆ ಮಾತ್ರ ನಗು ನಿಲ್ಲಿಸಿ, "ಸುಮ್ಮ ಕುಂತವರನ್ನ ಎಣಸೂದು ಹ್ಯಾಂಗ ಬಾಯಾರ?" ಎಂದರು. ಕುಸ್ತಿಗೆ ಫೋನು ಬರುತ್ತಿದ್ದವು. ಅಲ್ಲಿಗೆ ಅದು ಮುಗಿಯಿತು.

ಮರುದಿನ ಆಪಾಗೆ ನಿಜ ಹೇಳಿದೆ. ಕತ್ತಲೆ ಮಾಡಿದವಳು ನಾನು, ಜಾಗ ಆರಿಸಿದವಳೂ ನಾನು ಎಂದೆ. ಹೇಳುವಾಗ ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ. ಹಡಗಿನವರು ಮನೆ ಮುಟ್ಟುತ್ತಾರೋ ಇಲ್ಲವೋ, ಅದನ್ನಾದರೂ ಹೇಳು ಎಂದರು ಆಪಾ. ನಾನು ಹದಿಮೂರನ್ನೂ ನೋಡಿದವಳಲ್ಲವೇ, ಬೆಳಗಾವಿ ಬರುವುದರೊಳಗೆ ಎಲ್ಲ ಒಪ್ಪಿಸಿಬಿಡಬೇಕೆಂದು ಶುರುಮಾಡಿದೆ. ಅವರು ನನ್ನ ಮುಂಗೈ ಹಿಡಿದರು.

"ಗಡಬಡ ಮಾಡಬ್ಯಾಡ. ಶನಿವಾರಕ್ಕ ಒಂದ ಹೇಳು. ಮೊದಲಿಂದ ಹೇಳು, ಇವರೂ ಕೇಳ್ಲಿ. ನಾ ಮನಿಗೆ ಹೋಗಿ ಅತ್ತಿಗೆ ಹೇಳಬೇಕು," ಎಂದರು.

ಹಾಗೆ ನನ್ನ ಧಾರಾವಾಹಿ ಮುಂಜಾನೆಯ ಗಾಡಿಗೆ ಬಂತು. ಶನಿವಾರ, ದೇಸೂರಿನಿಂದ ಬೆಳಗಾವಿಯವರೆಗೆ. ವಾರಕ್ಕೊಂದೇ ಹೇಳುವುದು ನನಗೆ ಶಿಕ್ಷೆಯಾಗಿತ್ತು. ಮುಂದಿನದು ನಾಲಿಗೆಯ ತುದಿಯಲ್ಲೇ ಇರುತ್ತಿತ್ತು, ಆಪಾ ಕಣ್ಣಲ್ಲೇ ಗದರಿಸುತ್ತಿದ್ದರು. ಓಡಿಸಿಕೊಂಡು ನೋಡಿದ್ದ ಕಡೆಗಳಲ್ಲಿ ಏನಾಗಿತ್ತೆಂದು ನನಗೇ ಗೊತ್ತಿರಲಿಲ್ಲ. ಅವನ್ನೆಲ್ಲ ಕಟ್ಟಿ ಹೇಳಿದೆ. ಖಾನಾಪುರದ ಮೊಸರಿನವರು, ಬುಟ್ಟಿಯವರು, ಹೊಲಿಗೆ ಕಲಿಯಲು ಹೋಗುವವರು ಒಬ್ಬೊಬ್ಬರಾಗಿ ನಮ್ಮ ಕಡೆಗೆ ಸರಿದು ಕೂತರು.

ಆರನೆಯ ಶನಿವಾರ ಆ ಜಾಗ ಬಂತು. ಎಲ್ಲ ದೀಪ ಆರಿಸಿ, ನಾನು ಹೇಳುವವರೆಗೆ ಯಾರೂ ಉಸಿರೆತ್ತಬೇಡಿ ಎಂದ, ಎಂದೆ. ಅಷ್ಟು ಹೇಳಿ ನನ್ನ ಮಾತು ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ, ತಂತಿ ಕಿತ್ತ ಆ ಎರಡು ನಿಮಿಷ ನೆನಪಾಗಿತ್ತು. ಆಮೇಲೇನಾಯಿತು ಎಂದು ಒಬ್ಬರೂ ಕೇಳಲಿಲ್ಲ. ಬುಟ್ಟಿಯವಳೊಬ್ಬಳು ಬಳೆ ಸದ್ದಾಗದಂತೆ ಒಂದು ಕೈಯಿಂದ ಇನ್ನೊಂದನ್ನು ಹಿಡಿದುಕೊಂಡಳು. ಆಪಾ ಕಣ್ಣು ಮುಚ್ಚಿದ್ದರು. ನಾನು ಆ ಮುಖಗಳನ್ನು ಒಂದೊಂದಾಗಿ ನೋಡುತ್ತ ಕೂತೆ. ಎದ್ದು ಬಾಗಿಲಿಗೆ ಹೋಗಬೇಕೆಂದು ನನಗೆ ಅನ್ನಿಸಲೇ ಇಲ್ಲ.