ನಿಂಬೆ ಎಲೆಯ ಹಿಕ್ಕೆ

ಪಕ್ಕದ ಮನೆಯ ರೈಟರಮ್ಮನ ಬಲಗೈಯ ತೋರುಬೆರಳು ಕೊಕ್ಕೆಯಂತೆ ಸೊಟ್ಟಗಿತ್ತು. ಎಣ್ಣೆ ಡಬ್ಬದಲ್ಲಿ ಬೆಳೆಸಿದ ನಿಂಬೆ ಗಿಡದ ಎಲೆಗಳನ್ನು ಆ ಬೆರಳಲ್ಲೇ ಎತ್ತಿ, ಹುಳು ಇದೆಯೇ ಎಂದು ತಡವುತ್ತಿದ್ದರು. ಬೆಳಿಗ್ಗೆ ಅವರ ಮನೆಯ ಜಗಲಿಯಲ್ಲಿ ಇರುತ್ತಿದ್ದವರು ಮೂವರೇ: ಮಗ್ಗೆ ಊರಿನ ಶಾಲೆಗೆ ಟೀಚರಾಗಿ ಹೊಸದಾಗಿ ಬಂದಿದ್ದ ನಾನು, ಹಾಲಿನವನು, ಅವರು. ಗಂಡ ಸಕಲೇಶಪುರದ ಕಡೆ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರಂತೆ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಊರಿಗೆಲ್ಲ ಅವರು ರೈಟರಮ್ಮನೇ.

“ನೋಡಿ ಟೀಚರ್, ಗಿಡ ಹಾಕಿ ಒಂದು ನಿಂಬೆಕಾಯಿ ಕಂಡಿಲ್ಲ. ಹುಳಕ್ಕೆ ಊಟ ಹಾಕ್ತಾ ಕೂತವ್ರೆ!” ಎಂದು ಹಾಲಿನವನು ರೇಗಿಸುತ್ತಿದ್ದ.

“ನೀನು ಹಾಲಿಗೆ ನೀರು ಹಾಕಲ್ವೇನೋ ಮಾರಾಯ? ಹಂಗೇ ನಾನು ಹುಳಕ್ಕೆ ಸೊಪ್ಪು ಹಾಕ್ತೀನಿ. ನಡಿ ನಡಿ.”

ಅವನು ಹೋದ ಮೇಲೆ ಆ ಮನೆಗೆ ಇನ್ಯಾರೂ ಬರುತ್ತಿರಲಿಲ್ಲ. ಹಸಿರು ಹುಳುವನ್ನು ಮುಟ್ಟಿ, ಅದು ತಲೆಯಿಂದ ಕೆಂಪು ಕೊಂಬು ಚಾಚಿದರೆ, “ನನ್ ಮೇಲೆ ಸಿಟ್ಟು ಮಾಡ್ಕಳಕ್ಕೆ ಮನೇಲಿ ಇದೊಂದೈತೆ” ಎಂದು ನಗುತ್ತಿದ್ದರು.

ಕಣ್ಣಿಗೆ ಪೊರೆ ಬಂದು, ಆ ಹುಳುಗಳಿಂದಾಗುವ ಚಿಟ್ಟೆಯ ಬಣ್ಣ ಕಾಣದೆ ಎರಡು ವರ್ಷವಾಗಿತ್ತು. ಹಾಸನಕ್ಕೆ ಆಪರೇಷನ್ನಿಗೆ ಹೊರಟಾಗ, “ಚಿಟ್ಟೆ ಬಂದು ಕೂತಿತ್ತು ಅಂದ್ಯಲ್ಲ, ಮೊಟ್ಟೆ ಇಟ್ಟಿರ್ತದೆ. ಈ ಸಲ ಅವು ರೆಕ್ಕೆ ಬಿಚ್ಚೋದನ್ನ ಕಣ್ತುಂಬ ನೋಡ್ಬೇಕು ಕಣಮ್ಮ. ಗಿಡ ನಿನ್ ಕೈಲೈತೆ” ಎಂದರು.

ಅಲ್ಲೇ ತಂಗಿಯ ಮನೆಯಲ್ಲಿ ಹತ್ತು ದಿನ ಉಳಿದರು. ನಾನು ದಿನಾ ಹುಡುಕಿದೆ. ಹಸಿರು ಹುಳು ಒಂದೂ ಇರಲಿಲ್ಲ, ಎಲೆಗಳ ಮೇಲೆ ಬರೀ ಹಕ್ಕಿ ಹಿಕ್ಕೆ. ಅವರು ಬರುವ ದಿನ ಗಿಡ ಚೊಕ್ಕಟವಾಗಿರಲಿ ಎಂದು ಎಲೆಗಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿ, ನೀರು ಹುಯ್ದು ತೊಳೆದೆ.

ಕಪ್ಪು ಕನ್ನಡಕದಲ್ಲಿ ಬಂದವರು ಚೀಲವನ್ನೂ ಇಳಿಸದೆ ಗಿಡದ ಹತ್ತಿರ ಹೋದರು. ಕನ್ನಡಕ ತೆಗೆದು ಒಂದೊಂದೇ ಎಲೆ ನೋಡಿದರು.

“ಹಿಕ್ಕೆ ಥರ ಏನಾರ ಇತ್ತೇನಮ್ಮ?”

“ಇತ್ತು. ತೊಳೆದುಬಿಟ್ಟೆ.”

ಸೊಟ್ಟ ಬೆರಳಲ್ಲಿ ಖಾಲಿ ಎಲೆಯೊಂದನ್ನು ತಡವಿದರು. ಆಮೇಲೆ, “ಹುಳ ಮರಿ ಇದ್ದಾಗ ಹಿಕ್ಕೆ ಥರಾನೇ ಇರ್ತವೆ. ಹಕ್ಕೀನೇ ಮೋಸ ಹೋಯ್ತದೆ, ನೀನ್ಯಾವ ಲೆಕ್ಕ” ಎಂದು ನನ್ನ ಬೆನ್ನು ಸವರಿ, ಬೀಗ ತೆಗೆದು ಒಳಗೆ ಹೋದರು. ಆ ದಿನ ಬಾಗಿಲು ಮತ್ತೆ ತೆರೆಯಲಿಲ್ಲ.

ಮಳೆ ಹಿಡಿಯಿತು. ಚಿಟ್ಟೆ ಬರಲಿಲ್ಲ. ಮಳೆ ಬಿಡುವ ಮೊದಲೇ ಒಂದು ಬೆಳಿಗ್ಗೆ, ಹಾಲಿನವನು ಎಷ್ಟು ಕೂಗಿದರೂ ಅವರು ಏಳಲಿಲ್ಲ.

ಅವರ ತಂಗಿಯನ್ನು ಕೇಳಿ ಗಿಡ ಇಟ್ಟುಕೊಂಡೆ. ಆಲೂರಿಗೆ ವರ್ಗವಾದಾಗ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಮುಂದಿನ ವರ್ಷ ಒಂದು ಬೆಳಿಗ್ಗೆ ನೀರು ಹಾಕಲು ಹೋದರೆ, ಎಲೆಯ ಮೇಲೆ ಹಿಕ್ಕೆ. ಚೊಂಬು ಕೆಳಗಿಟ್ಟು ಬೆರಳ ತುದಿಯಿಂದ ಮುಟ್ಟಿದೆ. ಪುಟ್ಟ ಕೆಂಪು ಕೊಂಬು ಹೊರಬಂತು.