ಯಂತ್ರ ಓದದ ಸಾಲುಗಳು

ನನ್ನ ಭಾವ, ಅಂದರೆ ಅಕ್ಕನ ಗಂಡ, ಮಾತಿನಲ್ಲಿ ಬಲು ಜಿಪುಣ. ಒಂದು ವಾಕ್ಯ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದರೆಂದರೆ ಉಳಿದರ್ಧಕ್ಕೆ ನಾವು ಬಾಯಿ ನೋಡುತ್ತ ಕೂರಬೇಕು. ನೀರು ಸರಬರಾಜು ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಅಲ್ಲಿಯವರು ಅವರಿಗೆ ಸೆಮಿಕೋಲನ್, ಅಂದರೆ ಅರ್ಧವಿರಾಮ, ಎಂದು ಅಡ್ಡಹೆಸರಿಟ್ಟಿದ್ದರು. ಅವರು ಬರೆಯುತ್ತಿದ್ದ ಸಿ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮಿನಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲಿನ ಕೊನೆಗೂ ಆ ಚಿಹ್ನೆ ಬರುತ್ತದಂತೆ. ಇವರ ಮಾತಿಗೂ ಅಷ್ಟೇ, ಪೂರ್ಣವಿರಾಮ ಬಿದ್ದದ್ದನ್ನು ಕಂಡವರಿಲ್ಲ. ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು.

ನಾನು ಬಟ್ಟೆ ಹೊಲಿಯುವವಳು. ನನ್ನ ಕತ್ತರಿಗಿಂತ ನನ್ನ ನಾಲಿಗೆಯೇ ಹರಿತ ಎಂದು ಅಕ್ಕ ಹೇಳುತ್ತಿದ್ದಳು. ಭಾವನನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಅದನ್ನು ಮುಚ್ಚಿಟ್ಟುಕೊಂಡು ಅವರ ಬಗ್ಗೆ ಹೇಳುವುದು ನನ್ನಿಂದಾಗದು.

ಅವರ ಕೋಣೆಯಲ್ಲಿ ಆರು ಬಗೆಯ ಯಂತ್ರಗಳಿದ್ದವು. ಒಂದು ಮುದಿಯಾದದ್ದು, ಒಂದು ನಿನ್ನೆ ಬಂದದ್ದು, ಒಂದರ ಕೀಲಿಮಣೆ ಇನ್ನೊಂದಕ್ಕೆ ಒಗ್ಗದು. ಅಕ್ಷರ ಟೈಪ್ ಮಾಡಿ ತಿದ್ದುವ ಎಡಿಟರ್ ಪ್ರೋಗ್ರಾಂ ಕೂಡ ಒಂದೊಂದರಲ್ಲಿ ಒಂದೊಂದು. ಇದರಿಂದ ತಲೆ ಚಿಟ್ಟುಹಿಡಿದು ಭಾವ ತಾವೇ ಒಂದು ಎಡಿಟರ್ ಬರೆಯಲು ಕೂತರು. ಅದೇ ಪ್ರೋಗ್ರಾಮನ್ನು ಯಾವ ಯಂತ್ರಕ್ಕೆ ಒಯ್ದು ಹಾಕಿದರೂ ಓಡಬೇಕು. ಇಷ್ಟೇ ಆಸೆ. ಆ ಆಸೆಯ ಬೆನ್ನು ಹತ್ತಿ ಹತ್ತೊಂಬತ್ತು ವರ್ಷ ಕಳೆದರು. ಅದನ್ನು ಬಳಸುತ್ತಿದ್ದವರು ಮಾತ್ರ ಜಗತ್ತಿನಲ್ಲಿ ಒಬ್ಬರೇ, ಅವರು.

ಒಮ್ಮೆ ನನ್ನ ಅಂಗಡಿಗೆ ಬಂದವರು ಅಳತೆಪಟ್ಟಿಯ ಉದ್ದಕ್ಕೂ ಗುಂಡಿಗಳನ್ನು ಸಾಲಾಗಿ ಜೋಡಿಸಿದರು. ಯಾರೂ ಕೇಳಿರಲಿಲ್ಲ.

"ನೋಡು, ಇವೆಲ್ಲ ಅಕ್ಷರ ಅಂತಿಟ್ಕೋ. ಮಧ್ಯದಲ್ಲಿ ಒಂದು ಸೇರಿಸ್ಬೇಕು ಅಂದ್ರೆ ಬಲಗಡೆ ಇರೋದೆಲ್ಲ ಸರೀಬೇಕು. ಸಾವಿರ ಇದ್ರೆ ಸಾವಿರವೂ."

"ಸರೀಲಿ ಬಿಡಿ, ಗುಂಡಿಗೇನು ಮೊಣಕಾಲು ನೋವೇ?"

"ಹಾಗಲ್ಲ. ಎಲ್ಲಿ ಬರೀತಾ ಇದೀವೋ ಅಲ್ಲಿ ಮೊದಲೇ ಒಂದಿಷ್ಟು ಖಾಲಿ ಜಾಗ ಇಟ್ಕೊಂಡಿರೋದು. ನಾವು ಯಾವ ಕಡೆ ಹೋದ್ರೂ ಆ ಖಾಲಿ ಜಾಗಾನೂ ನಮ್ಜೊತೆ ಬರುತ್ತೆ. ಆಗ ಯಾರೂ ಯಾರನ್ನೂ ತಳ್ಳಬೇಕಾಗಿಲ್ಲ."

ಗುಂಡಿಗಳನ್ನು ಎರಡು ಪಾಲು ಮಾಡಿ ನಡುವೆ ನಾಲ್ಕು ಬೆರಳು ಜಾಗ ಬಿಟ್ಟರು. ಮುಖ ಎಷ್ಟು ಅರಳಿತ್ತೆಂದರೆ ನನಗೆ ಹೊಟ್ಟೆ ಉರಿಯಿತು. ಅಕ್ಕನ ಮುಂದೆ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. "ಮನೇಲೂ ಯಾರಿಗಾದ್ರೂ ಇಷ್ಟು ಜಾಗ ಇಟ್ಟಿದೀರಾ ಭಾವ?" ಎಂದೆ. ಅವರು ಆಗಲೇ ಆ ಜಾಗವನ್ನು ಇನ್ನೊಂದು ಬೆರಳು ಅಗಲ ಮಾಡುತ್ತಿದ್ದರು.

ಇನ್ನೊಂದು ವಿಷಯ ಹೇಳಬೇಕು. ಪ್ರೋಗ್ರಾಮಿನ ಮಧ್ಯೆ ಮಧ್ಯೆ ಮನುಷ್ಯರಿಗೋಸ್ಕರ ಟಿಪ್ಪಣಿ ಬರೆದಿಡುವ ಪದ್ಧತಿಯಿದೆ, ಈ ಭಾಗ ಯಾಕೆ ಹೀಗಿದೆ ಎಂದು. ಯಾರೋ ಸಹೋದ್ಯೋಗಿ ಪ್ರೋಗ್ರಾಂ ಬದಲಿಸಿ ಹಳೆಯ ಟಿಪ್ಪಣಿಯನ್ನು ಹಾಗೇ ಬಿಟ್ಟನೆಂದು ಭಾವ ಅವನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. "ಸುಳ್ಳು ಟಿಪ್ಪಣಿ ಇಡೋದಕ್ಕಿಂತ ಟಿಪ್ಪಣಿ ಇಲ್ದೇ ಇರೋದು ಮೇಲು" ಎಂದು ನನ್ನ ಮುಂದೆಯೂ ಹೇಳಿದ್ದರು. ಅವರು ಮಾತು ಬಿಟ್ಟದ್ದು ಆ ಮನುಷ್ಯನಿಗೆ ಗೊತ್ತಾಯಿತೋ ಇಲ್ಲವೋ, ಆ ಅನುಮಾನ ನನಗೆ ಈಗಲೂ ಇದೆ.

ಆಮೇಲೆ ಅಕ್ಕನಿಗೆ ಕಾಯಿಲೆ ಬಂತು. ಮೊದಲು ನಾಲಿಗೆ ತೊದಲಿತು, ಆರು ತಿಂಗಳಲ್ಲಿ ಮಾತು ಪೂರ್ತಿ ನಿಂತಿತು. ಕಾಲು ಹೋಗಿ ಗಾಲಿಕುರ್ಚಿ ಬಂತು. ಕೈಯಲ್ಲಿ ಒಂದು ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿತ್ತು. ಹೀಗೆ ಭಾವನ ಎಡಿಟರಿಗೆ ಎರಡನೆಯ ಬಳಕೆದಾರಳು ಸಿಕ್ಕಳು.

ನಿಜ ಹೇಳಬೇಕೆಂದರೆ ಅವರು ಅವಳಿಗಾಗಿ ಮೈ ಮುರಿದು ದುಡಿದರು. ಅವಳದೇ ಒಂದು ಸೆಟ್ಟಿಂಗ್ ಫೈಲ್ ಮಾಡಿಕೊಟ್ಟರು. ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ಸೂಚನೆ: ಅಕ್ಷರ ಎಷ್ಟು ದೊಡ್ಡದಿರಬೇಕು, ಬೆರಳು ನಡುಗಿ ಒಂದೇ ಕೀಲಿಯನ್ನು ಎರಡು ಸಲ ಒತ್ತಿದರೆ ಎಷ್ಟು ಹೊತ್ತಿನೊಳಗಿನದನ್ನು ಬಿಟ್ಟುಬಿಡಬೇಕು. ಎಡಿಟರ್ ಶುರುವಾಗುವಾಗ ಈ ಫೈಲನ್ನು ತಾನೇ ಓದಿಕೊಂಡು ಅದರಂತೆ ನಡೆಯುತ್ತಿತ್ತು. ಬೇಕೆಂದಾಗ ಅಂಕಿ ಬದಲಾಯಿಸಿಕೊಳ್ಳುವುದನ್ನು ಅಕ್ಕನಿಗೂ ಕಲಿಸಿದರು. ಆ ದಿನ ನಾನು ಅಲ್ಲೇ ಇದ್ದೆ.

"ಸಾಲಿನ ಮೊದಲಿಗೆ ಈ ಹ್ಯಾಶ್ ಗುರುತು ಹಾಕಿದ್ರೆ ಆ ಸಾಲನ್ನ ಯಂತ್ರ ಓದಲ್ಲ, ದಾಟಿ ಹೋಗುತ್ತೆ. ಅದು ಮನುಷ್ಯರು ಓದ್ಲಿ ಅಂತ ಬರೆಯೋದು" ಎಂದರು. ಅಕ್ಕ ತಲೆಯಾಡಿಸಿದಳು.

ಅಲ್ಲಿಂದ ಅವರ ದಿನಚರಿ ಒಂದೇ. ಬೆಳಿಗ್ಗೆ ಹೊರಡುವ ಮುಂಚೆ "ಎಡಿಟರ್ ಹೇಗಿದೆ?" ಎಂದು ಕೇಳುವುದು. ಅಕ್ಕ ನಾಲ್ಕು ಪದ ಟೈಪ್ ಮಾಡುವುದು. 'ಕೆಳಗಿನ ಸಾಲು ಕಾಣಲ್ಲ.' 'ಅಳಿಸೋದು ನಿಧಾನ.' ಕಚೇರಿಯ ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಅದನ್ನು ಸರಿಪಡಿಸುವುದು. ಒಂದು ಯಂತ್ರದಲ್ಲಿ ಸರಿಹೋದದ್ದು ಇನ್ನೊಂದರಲ್ಲಿ ಕೆಡುತ್ತದೆ, ಹಾಗಾಗಿ ಆರರಲ್ಲೂ ಓಡಿಸಿ ನೋಡುವುದು. ಮನೆಗೆ ಬರುವ ಹೊತ್ತಿಗೆ ಎಂಟು ಗಂಟೆ. ಅಕ್ಕನ ಕಣ್ಣು ಆಗಲೇ ಎಳೆಯುತ್ತಿರುತ್ತಿತ್ತು.

"ಮನೇಲಿರೋದು ಒಂದೇ ಯಂತ್ರ. ಮಿಕ್ಕ ಐದರಲ್ಲಿ ಓಡಿದ್ರೆಷ್ಟು ಬಿಟ್ರೆಷ್ಟು? ಅವಳ ಹತ್ರ ಬಂದು ಕೂತ್ಕೋಬಾರ್ದಾ?" ಎಂದು ಒಂದು ದಿನ ನಾನು ಮೈಮೇಲೆ ಹೋದೆ.

"ಅವಳಿಗೇ ಮಾಡ್ತಿರೋದಲ್ವಾ..." ಎಂದರು. ಮುಂದಿನ ಅರ್ಧ ಬರಲೇ ಇಲ್ಲ.

ಅಕ್ಕ ಹೋಗಿ ಎರಡು ವರ್ಷವಾಯಿತು. ಭಾವ ನಿವೃತ್ತರಾದರು. ಗುರುವಾರ ನನ್ನ ಅಂಗಡಿಗೆ ರಜೆ, ಆ ದಿನ ಮಧ್ಯಾಹ್ನ ಹೋಗಿ ನೋಡಿಕೊಂಡು ಬರುತ್ತೇನೆ. ಹದಿನಾಲ್ಕು ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಕಂಪ್ಯೂಟರ್ ಮೇಜಿನ ಎದುರು ನೆಲದಲ್ಲಿ ಗಾಲಿಯ ಎರಡು ಗೆರೆಗಳು ಇನ್ನೂ ಇವೆ. ಭಾವ ಕುರ್ಚಿಯನ್ನು ಆ ಗೆರೆಗಳ ಮೇಲೆ ಎಳೆದುಕೊಳ್ಳುವುದಿಲ್ಲ, ಪಕ್ಕಕ್ಕೆ ಹಾಕಿಕೊಂಡು ಸೊಂಟ ತಿರುಚಿ ಟೈಪ್ ಮಾಡುತ್ತಾರೆ. ಊಟ ಅಡುಗೆಮನೆಯ ಕಟ್ಟೆಯ ಹತ್ತಿರ, ನಿಂತುಕೊಂಡೇ. ವಾರವಿಡೀ ಯಾರ ಜೊತೆಗೂ ಮಾತಾಡದೆ ಗುರುವಾರ ಮೊದಲ ಮಾತಿಗೆ ಗಂಟಲು ಕಟ್ಟಿರುತ್ತದೆ, ಎರಡು ಸಲ ಕೆಮ್ಮಿಯೇ ಬಾಯಿ ತೆರೆಯುತ್ತಾರೆ. ನೋಡಿದರೆ ಅಯ್ಯೋ ಅನಿಸುತ್ತಿತ್ತು, ಆದರೆ ಹಳೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಹೀಗೊಂದು ಗುರುವಾರ ಅವರಾಗಿಯೇ ಹೇಳಿದರು. "ಅವಳು ದಿನಾ ಟೈಪ್ ಮಾಡಿದ್ದ ನೋಟ್ಸು ನಾನೂರ ಹನ್ನೆರಡಿದೆ. ಎಲ್ಲಾ ಓದ್ದೆ. ಎರಡು ಸಲ."

"ಏನಿದೆ?"

"ಎಡಿಟರಿನ ತಪ್ಪುಗಳಿವೆ. ದಿಂಬು, ನೀರು, ಕಿಟಕಿ. ನನಗೆ ಅಂತ ಒಂದು ಸಾಲಿಲ್ಲ. ಒಂದು ಸಾಕಾಗಿತ್ತು. ಬೈದಿದ್ರೂ ಆಗಿತ್ತು." ಅಷ್ಟು ಉದ್ದದ ಮಾತನ್ನು ನಾನು ಅವರ ಬಾಯಿಂದ ಕೇಳಿದ್ದು ಗುಂಡಿಗಳ ದಿನ ಬಿಟ್ಟರೆ ಅದೇ.

ಸುಮ್ಮನಿರಬೇಕಾಗಿತ್ತು. "ಹೇಳೋಕೆ ನೀವು ಮನೇಲಿದ್ರೆ ತಾನೆ?" ಎಂದುಬಿಟ್ಟೆ. ಅವರು ಲೋಟ ತೊಳೆಯಲು ಒಳಗೆ ಹೋದರು. ಮನೆಗೆ ಹಿಂದಿರುಗುವ ದಾರಿಯುದ್ದಕ್ಕೂ ನನ್ನ ನಾಲಿಗೆಯನ್ನು ನಾನೇ ಶಪಿಸಿಕೊಂಡೆ.

ಮುಂದಿನ ತಿಂಗಳು ಮನೆಯ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ಫೈಲುಗಳು ಹೇಗೋ ಉಳಿದವು. ಹೊಸದು ಬಂದ ಗುರುವಾರ ನಾನು ಹೋದಾಗ ಭಾವ ಎಡಿಟರನ್ನು ಅದಕ್ಕೆ ಒಯ್ದು ಹಾಕುತ್ತಿದ್ದರು. ಅಕ್ಕನ ಸೆಟ್ಟಿಂಗ್ ಫೈಲನ್ನೂ ಇದ್ದಹಾಗೇ ತಂದಿದ್ದರು. ಅವಳ ದಪ್ಪ ಅಕ್ಷರಗಳಲ್ಲೇ ಅವರಿಗೂ ಓದಿ ರೂಢಿಯಾಗಿತ್ತು.

ಎಡಿಟರ್ ತೆರೆದುಕೊಳ್ಳಲಿಲ್ಲ. ಪರದೆಯ ಮೇಲೆ ಒಂದೇ ಸಾಲು ಬಂತು:

ಸಾಲು 23, ಅರ್ಥವಾಗದ ಸೆಟ್ಟಿಂಗ್: □ಗಿಲ ಆಚೆ ಹೆಜ್ಜೆ ಸಪ್ಪಳ ಆದ್ರೆ ನೀವೇ ಅಂದ್ಕೋತೀನಿ

ನಾನು ಎರಡು ಸಲ ಓದಿದೆ. "ಇದೇನು ಭಾವ, ನೀವು ಬರೆದದ್ದಾ?"

ಅವರು ಪರದೆಗೆ ಮುಖ ಹತ್ತಿರ ತಂದು ಓದಿದರು. ಮುಖದ ಬಣ್ಣ ಹೋಗಿತ್ತು. ತೀರ ಅವರ ಸ್ವಭಾವಕ್ಕೆ ತಕ್ಕಂತೆ, ಮೊದಲು ತಪ್ಪಿನ ಕಾರಣ ಹೇಳಿದರು. "ಈ ಫೈಲಲ್ಲಿ ಒಂದು ಸಾಲಿಗೆ ಇನ್ನೂರೈವತ್ತಾರು ಬೈಟ್ ಜಾಗ ಇಟ್ಟಿದ್ದೆ. ನಮ್ಮ ಒಂದೊಂದು ಅಕ್ಷರವೂ ಹಲವು ಬೈಟ್ ನುಂಗುತ್ತೆ, ಎರಡು ವಾಕ್ಯಕ್ಕೇ ತುಂಬಿಹೋಗುತ್ತೆ. ಅದಕ್ಕಿಂತ ಉದ್ದ ಇಲ್ಲಿ ಯಾರು ಬರೀತಾರೆ ಅಂತ... ಉದ್ದ ಆಗಿ ಸಾಲು ಅಕ್ಷರದ ಮಧ್ಯಕ್ಕೇ ತುಂಡಾಗಿದೆ. ಎರಡನೇ ತುಂಡಿಗೆ ಹ್ಯಾಶ್ ಗುರುತಿಲ್ಲ. ಅದಕ್ಕೇ ಯಂತ್ರ ಅದನ್ನ ಸೆಟ್ಟಿಂಗ್ ಅಂದ್ಕೊಂಡಿದೆ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅದು?"

"ಹಳೇದಕ್ಕೆ ಅರ್ಥ ಆಗದ್ದನ್ನ ಸುಮ್ನೆ ಬಿಟ್ಟುಬಿಡು ಅಂದಿದ್ದೆ. ಇದಕ್ಕೆ ಹಾಕೋ ಮುಂಚೆ ಈಗ ತಾನೇ ಬದಲಾಯ್ಸಿದ್ದು, ಗೊತ್ತಾಗದಿದ್ರೆ ಕೇಳು ಅಂತ."

ನೋಟ್ಸನ್ನೆಲ್ಲ ಎರಡು ಸಲ ಓದಿದ ಮನುಷ್ಯ ಈ ಫೈಲನ್ನು ಒಮ್ಮೆಯೂ ತೆರೆದು ನೋಡಿರಲಿಲ್ಲ. ನೋಡುವುದೇಕೆ, ಯಂತ್ರವೇ ಓದಿಕೊಳ್ಳುತ್ತಿತ್ತಲ್ಲ. ಆ ಮನೆಯಲ್ಲಿ ಅಕ್ಕ ನಂಬಿ ಬರೆದಿಟ್ಟ ಜಾಗ ಅದೊಂದೇ, ಅವರು ಕಣ್ಣು ಹಾಯಿಸದೆ ಹೋದದ್ದೂ ಅದೊಂದೇ.

ಹೊಸ ಕಂಪ್ಯೂಟರಿನ ಜೊತೆ ಬಂದಿದ್ದ ಇನ್ನೊಂದು ಪ್ರೋಗ್ರಾಮಿನಲ್ಲಿ ಫೈಲ್ ತೆರೆದರು. ಅಂಕಿಗಳ ನಡುನಡುವೆ ಹ್ಯಾಶ್ ಗುರುತಿನ ಸಾಲುಗಳಿದ್ದವು. ಇಷ್ಟನ್ನೂ ಅಕ್ಕ ಒಂದೇ ಬೆರಳಿನಲ್ಲಿ ಒತ್ತಿದ್ದಳು.

# ಇಲ್ಲಿ ಬರೆದ್ರೆ ಮನುಷ್ಯರು ಓದ್ತಾರೆ ಅಂದ್ರಿ. ನೋಡೋಣ.

# ತಂಗಿ ಬಂದಿದ್ಳು. ನನಗಿಂತ ಗಡಿಯಾರ ಜಾಸ್ತಿ ನೋಡಿದ್ಳು.

ನಾನು ಕೆನ್ನೆಗೆ ಬಾರಿಸಿಕೊಂಡವಳ ಹಾಗೆ ಕೂತೆ. ಅವತ್ತು ಯಾರದೋ ಮದುವೆಯ ಬಟ್ಟೆ ಬಾಕಿಯಿತ್ತು. ಭಾವ ನನ್ನ ಕಡೆ ತಿರುಗಿ ನೋಡಲಿಲ್ಲ, ಅದು ಅವರ ದೊಡ್ಡತನ.

# ಎಡಿಟರ್ ಚೆನ್ನಾಗಿದೆ ಅಂತ ಬರೆದೆ. ಚೆನ್ನಾಗಿದೆ ಅಂದ್ರೆ ಬೇಗ ಬರ್ತೀರಿ ಅಂದ್ಕೊಂಡೆ.

# ಬರಲಿಲ್ಲ.

# ಸಂಜೆ ಆದ್ಮೇಲೆ ಮನೆ ತುಂಬಾ ದೊಡ್ಡದು ಅನ್ಸುತ್ತೆ. ಕೂತು ಮೆಟ್ಟಿಲು ಎಣಿಸ್ತೀನಿ, ಯಾರು ಹತ್ತಿದ್ರೂ ಹದಿನಾಲ್ಕೇ. ಬಾಗಿಲ ಆಚೆ ಹೆಜ್ಜೆ ಸಪ್ಪಳ ಆದ್ರೆ ನೀವೇ ಅಂದ್ಕೋತೀನಿ

# ನೀವೂ ಇದನ್ನ ಓದಲ್ಲ ಅಂತ ಗೊತ್ತಾಯ್ತು. ಇರ್ಲಿ. ಎಲ್ಲಾದ್ರೂ ಹೇಳ್ಬೇಕಲ್ಲ.

ಭಾವ ಒಂದೊಂದೇ ಸಾಲು ಕೆಳಗೆ ಇಳಿಸುತ್ತಿದ್ದರು. ಅಳುತ್ತಿದ್ದರು, ಸದ್ದಿಲ್ಲದೆ. ಅಂಗಿಯ ತೋಳಿನಿಂದ ಒರೆಸಿಕೊಂಡು ಮತ್ತೆ ಇಳಿಸುತ್ತಿದ್ದರು. ಇಷ್ಟು ವರ್ಷ ಬಾಯಿಗೆ ಬಂದಹಾಗೆ ಬೈದ ಮನುಷ್ಯನ ಬೆನ್ನ ಮೇಲೆ ನಾನು ಕೈಯಿಟ್ಟೆ. ಕೊನೆಯ ಸಾಲು ಬಂತು.

# ಇವತ್ತು ಮೂರು ಗಂಟೆಗೇ ಬಂದ್ರಿ. ಎಡಿಟರ್ ವಿಷಯ ಎತ್ತಲಿಲ್ಲ. ಕತ್ತಲಾಗೋವರೆಗೂ ಪಕ್ಕದಲ್ಲಿ ಕೂತಿದ್ರಿ. ನನಗೋಸ್ಕರ ಬಂದ್ರಿ. ಸಾಕು.

"ನೋಡಿ ಭಾವ, ನಿಮಗೆ ಬೇಕಾಗಿದ್ದು ಸಿಕ್ತಲ್ಲ" ಎಂದೆ.

ಅವರು ಆ ಸಾಲನ್ನೇ ನೋಡುತ್ತಿದ್ದರು. "ಅವತ್ತು ಆಫೀಸಲ್ಲಿ ಕರೆಂಟ್ ಇರ್ಲಿಲ್ಲ" ಎಂದರು.

"ಏನಂದ್ರಿ?"

"ಮಧ್ಯಾಹ್ನದಿಂದ ಇರ್ಲಿಲ್ಲ. ಎಲ್ಲರನ್ನೂ ಮನೆಗೆ ಕಳಿಸಿದ್ರು. ಅದಕ್ಕೇ ಬಂದೆ."

ಕೆಳಗೆ ರಸ್ತೆಯಲ್ಲಿ ಯಾರೋ ಅಂಗಡಿಯ ಬಾಗಿಲು ಎತ್ತಿದ ಸದ್ದು ಕೇಳಿತು. ಭಾವ ಕರ್ಸರನ್ನು ಆ ಸಾಲಿನ ಕೆಳಗೆ ತಂದು ಹ್ಯಾಶ್ ಗುರುತು ಒತ್ತಿದರು. 'ಅವತ್ತು ಕರೆಂ' ಎನ್ನುವವರೆಗೆ ಟೈಪ್ ಮಾಡಿ ನಿಲ್ಲಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಚಿಕ್ಕವಳಾದ ನನ್ನ ಅಪ್ಪಣೆ ಬೇಕೆಂಬಂತೆ, "ಟಿಪ್ಪಣಿ ತಪ್ಪಿದೆಯಲ್ಲ" ಎಂದರು.

"ಇರ್ಲಿ ಬಿಡಿ, ಭಾವ" ಎಂದೆ.

ಅವರು ಒಂದೊಂದೇ ಅಕ್ಷರ ಅಳಿಸಿದರು. ಹ್ಯಾಶ್ ಗುರುತನ್ನೂ ಅಳಿಸಿದರು. ಆಮೇಲೆ ಪ್ರೋಗ್ರಾಮಿಗೆ ಹೋಗಿ ಸಾಲಿನ ಜಾಗವನ್ನು ಇನ್ನೂರೈವತ್ತಾರರಿಂದ ನಾಲ್ಕು ಸಾವಿರಕ್ಕೆ ಏರಿಸಿದರು. ಎಡಿಟರ್ ಅಕ್ಕನ ದಪ್ಪ ಅಕ್ಷರಗಳಲ್ಲಿ ತೆರೆದುಕೊಂಡಿತು. ಆ ಸಾಲು ಇವತ್ತಿಗೂ ಫೈಲಿನ ಕೊನೆಯಲ್ಲಿ ಹಾಗೇ ಇದೆ. ಭಾವ ತಿಳಿದೂ ತಿಳಿದೂ ಉಳಿಸಿಕೊಂಡ ಸುಳ್ಳು ಟಿಪ್ಪಣಿ ಅದೊಂದೇ.